ಮೂರು ಗಂಟೆಯ ಸೆಲ್ಫಿ

ಮೇ 17, ಶನಿವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೀಟಾ ಎಂಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಕೆಸರೆ ಬಡಾವಣೆಯವಳು. ಅವಳ ಗಂಡ ಯೇಸುದಾಸ್ ಯಾದವಗಿರಿಯ ಬಂಗಲೆಯೊಂದಕ್ಕೆ ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್. ಬೆಳಿಗ್ಗೆ ಆರಕ್ಕೆ ಡ್ಯೂಟಿ ಮುಗಿಸಿ ಏಳರೊಳಗೆ ಮನೆ ಸೇರುವ ಮನುಷ್ಯ ಇನ್ನೂ ಬಂದಿರಲಿಲ್ಲ. ಫೋನು ಆಫಾಗಿತ್ತು.

ಇನ್‌ಸ್ಪೆಕ್ಟರ್ ರೇವಣಸಿದ್ದ ಆಗಷ್ಟೇ ಮೇಲಿನವರಿಂದ ಬೈಸಿಕೊಂಡು ಬಂದು ಕುರ್ಚಿಯಲ್ಲಿ ಕೂತಿದ್ದ. ಮೊದಲೇ ಕೋಪ ಮೂಗಿನ ತುದಿಯಲ್ಲಿರುವ ಆಸಾಮಿ.

"ನಾಕು ಗಂಟೆ ತಡ ಆಗಿದ್ದಕ್ಕೆಲ್ಲ ಕಂಪ್ಲೇಂಟಾ ಕಣಮ್ಮ? ಎಲ್ಲಾದ್ರೂ ಟೀ ಕುಡೀತಾ ಕೂತಿರ್ತಾನೆ."

"ಅವ್ರು ಹಂಗಲ್ಲ ಸಾರ್."

"ಮನೇಲಿ ಜಗಳ?"

"ಇಲ್ಲ."

"ಕುಡಿಯೋದು?"

"ಕ್ರಿಸ್‌ಮಸ್ಸಿಗೂ ಮುಟ್ಟಲ್ಲ ಸಾರ್." ಅವಳು ಚೀಲದಿಂದ ಫೋನು ತೆಗೆದಳು. "ಆದ್ರೆ ಈ ಫೋಟೊ ಬಂದಾಗಿಂದ ಸರಿಯಾಗಿ ಮಾತೇ ಆಡ್ತಿರ್ಲಿಲ್ಲ."

ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಯೇಸುದಾಸ್ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಟೋಪಿ ಎದೆಯ ಮೇಲೆ ಜಾರಿತ್ತು. ಚಿತ್ರದ ಕೆಳಗೆ ಯಾರೋ 'ನಮ್ಮ ಹುಲಿ ಕಾವಲಿದೆ' ಎಂದು ಬರೆದು ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದರು. ನಿದ್ದೆ ಮಾಡಿ ಸಿಕ್ಕಿಬಿದ್ದ ಗಾರ್ಡ್‌ಗಳ ಫೋಟೊ ತೆಗೆದು ಏಜೆನ್ಸಿಯ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಸೂಪರ್‌ವೈಸರನ ಕೆಲಸವಂತೆ. ಈ ಫೋಟೊ ಅಲ್ಲಿಂದ ಯಾರದ್ದೋ ಕೈಯಲ್ಲಿ ಜಾರಿ ಚರ್ಚಿನ ಯುವಕರ ಗುಂಪಿಗೆ ಬಂತು. ಆ ಗುಂಪಿನಲ್ಲಿ ಯೇಸುದಾಸನ ಮಗಳು ಮರ್ಲಿನ್ ಇದ್ದಳು.

"ಹೋದ ಭಾನುವಾರ ಚರ್ಚಲ್ಲಿ ಪೂಜೆಗೂ ಬರ್ಲಿಲ್ಲ ಸಾರ್. ಎಲ್ರೂ ನೋಡ್‌ಬುಟ್ಟವ್ರೆ, ಯಾವ ಮುಖ ಇಟ್ಕಂಡು ಹೋಗ್ಲಿ ಅಂದ್ರು."

ರೇವಣಸಿದ್ದ ಆ ಫೋಟೊವನ್ನು ಎರಡು ಸಲ ನೋಡಿದ. ಹೊಟ್ಟೆಪಾಡಿಗೆ ನಿದ್ದೆಗೆಡುವವನ ಬಾಯಿಯನ್ನು ಊರಿಗೆಲ್ಲ ತೋರಿಸಿ ನಗುವ ಬುದ್ಧಿ ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ ಎಂದು ಮೈ ಉರಿಯಿತು. ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಿಸಲು ಕಾನ್‌ಸ್ಟೆಬಲ್ ಸುಷ್ಮಿತಾಗೆ ಹೇಳಿ, ಏಜೆನ್ಸಿಯವರನ್ನು ಕರೆಸಿದ.

ಸೂಪರ್‌ವೈಸರ್ ಶಿವಕಿರಣ್ ಅರ್ಧ ಗಂಟೆಯಲ್ಲಿ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಹಾಕಿದ ಅಂಗಿ, ಮಾತಿಗೆ ಮುಂಚೆ ಸಲ್ಯೂಟು.

"ಗಾರ್ಡ್ ಎಚ್ಚರ ಇದ್ದಾನೆ ಅಂತ ನಿಮಗೆ ಎಂಗ್ರೀ ಗೊತ್ತಾಗೋದು?"

"ಗಂಟೆಗೊಂದು ಸೆಲ್ಫಿ ಸಾರ್. ಹಿಂದೆ ಮನೆಯ ಹೆಸರಿನ ಫಲಕ ಕಾಣ್ಬೇಕು. ಗುಂಪಿಗೆ ಹಾಕ್ತಾರೆ, ನೋಡ್ದೆ ಅನ್ನೋಕೆ ನಾನು ಒಂದೊಂದಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತುತೀನಿ. ಒಂದು ತಪ್ಪಿದ್ರೆ ಅರ್ಧ ದಿನದ ಸಂಬಳ ಕಟ್."

ಅವನು ಗುಂಪಿನ ಫೋಟೊಗಳನ್ನು ತೋರಿಸಿ, ಎಲ್ಲವನ್ನೂ ಸುಷ್ಮಿತಾಳ ಫೋನಿಗೆ ಕಳಿಸಿದ. ಹನ್ನೊಂದು, ಹನ್ನೆರಡು, ಒಂದು, ಎರಡು, ಮೂರು, ನಾಲ್ಕು, ಐದು. ಒಂದರಲ್ಲಿ ಯೇಸುದಾಸನ ತಲೆಗೆ ಟೋಪಿ, ಇನ್ನೊಂದರಲ್ಲಿ ಕುತ್ತಿಗೆಗೆ ಮಫ್ಲರ್. ಮೂರು ಗಂಟೆಯದರಲ್ಲಿ ಸಣ್ಣಗೆ ನಗು ಕೂಡ ಇತ್ತು.

"ಐದರವರೆಗೂ ಇದ್ದಾನೆ ಸಾರ್. ಆಮೇಲೆ ಎಲ್ಲಿ ಹೋದ್ನೋ, ನಮ್ಮ ಜವಾಬ್ದಾರಿ ಅಲ್ಲ."

"ರಾತ್ರಿ ನೀನು ರೌಂಡ್ಸಿಗೆ ಹೋಗಿದ್ಯಾ?"

"ಯಾದವಗಿರಿ ಕಡೆ ಹೋಗ್ಲಿಲ್ಲ ಸಾರ್. ಬೈಕ್ ತೊಂದರೆ ಕೊಡ್ತು."

ಎದುರು ಮನೆಯ ಗಾರ್ಡ್ ರಾಜೇಶನನ್ನು ಹೆಡ್ ಕಾನ್‌ಸ್ಟೆಬಲ್ ಏಕಾಂತಯ್ಯ ವಿಚಾರಿಸಿ ಬಂದ. ಐದು ಗಂಟೆಗೆ ಯೇಸುದಾಸನನ್ನು ಕಣ್ಣಾರೆ ನೋಡಿದೆ ಎಂದು ರಾಜೇಶ್ ಹೇಳಿಕೆ ಕೊಟ್ಟಿದ್ದ. ಯೇಸುದಾಸನ ಸೈಕಲ್ಲು ಬಂಗಲೆಯ ಕಾಂಪೌಂಡಿನೊಳಗೆ ಒರಗಿಸಿದಂತೆಯೇ ಇತ್ತು. ಫೋನ್ ಕಂಪನಿಯ ಮಾಹಿತಿಯೂ ಬಂತು: ಅವನ ಫೋನು ಆಫಾಗಿದ್ದು ಬೆಳಿಗ್ಗೆ ಐದು ಹತ್ತಕ್ಕೆ, ಯಾದವಗಿರಿಯಲ್ಲೇ.

ರೇವಣಸಿದ್ದನ ಲೆಕ್ಕಾಚಾರ ನೇರವಾಗಿತ್ತು. ಮಾನ ಹೋಯಿತೆಂದು ಕೊರಗುತ್ತಿದ್ದ ಮನುಷ್ಯ. ಡ್ಯೂಟಿ ಮುಗಿಸಿದ್ದಾನೆ, ಫೋನ್ ಆಫ್ ಮಾಡಿದ್ದಾನೆ, ಸೈಕಲ್ಲು ಬಿಟ್ಟು ಕಾಲ್ನಡಿಗೆಯಲ್ಲಿ ಹೊರಟಿದ್ದಾನೆ. ಹತ್ತಿರದಲ್ಲೇ ರೈಲು ಹಳಿ, ಅದರಾಚೆ ಕುಕ್ಕರಹಳ್ಳಿ ಕೆರೆ.

ಆ ಶನಿವಾರ ಪೂರ್ತಿ ಅವರು ಹೆಣ ಹುಡುಕಿದರು. ಏಕಾಂತಯ್ಯ ಇಬ್ಬರನ್ನು ಕರೆದುಕೊಂಡು ಹಳಿಯುದ್ದಕ್ಕೂ ನಡೆದ. ರೇವಣಸಿದ್ದ ಕೆರೆ ಏರಿಯ ಮೇಲೆ ನಿಂತು ವಾಕಿಂಗಿಗೆ ಬಂದವರನ್ನೆಲ್ಲ ತಡೆದು ಫೋಟೊ ತೋರಿಸಿದ. ಒಬ್ಬಾತ ಫೋಟೊ ನೋಡುವ ಬದಲು ಇನ್‌ಸ್ಪೆಕ್ಟರನದೇ ವಿಡಿಯೊ ಮಾಡಲು ಹೊರಟು ಚೆನ್ನಾಗಿ ಬೈಸಿಕೊಂಡ. ಸಂಜೆ ಮಳೆ ಹನಿಯಿತು. ರೀಟಾ ಏರಿಯ ಕೊನೆಯಲ್ಲಿ ಒಂದು ಕಲ್ಲಿನ ಮೇಲೆ ನೀರನ್ನೇ ನೋಡುತ್ತ ಕೂತಿದ್ದಳು. ಮನೆಗೆ ಹೋಗು ತಾಯಿ ಎಂದರೆ ಏಳಲಿಲ್ಲ.

"ನೀರಿಗೆ ಬಿದ್ದಿದ್ರೆ ಹೇಳ್‌ಬುಡಿ ಸಾರ್. ಮುಚ್ಚಿಡಬೇಡಿ."

ರೇವಣಸಿದ್ದ ಪಕ್ಕದಲ್ಲಿದ್ದ ಜೀಪ್ ಡ್ರೈವರನ ಮೇಲೆ ಸುಮ್ಮಸುಮ್ಮನೆ ರೇಗಿದ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅವನು ಸುಷ್ಮಿತಾ, ಏಕಾಂತಯ್ಯರನ್ನು ಕರೆದುಕೊಂಡು ತಾನೇ ಯಾದವಗಿರಿಗೆ ಹೋದ. ಯೇಸುದಾಸ್ ಕಾಯುತ್ತಿದ್ದ ಬಂಗಲೆಯ ಯಜಮಾನ ಬಿಂದುಮಾಧವ ನಿವೃತ್ತ ಪ್ರೊಫೆಸರು. ಗಾರ್ಡ್ ಕಾಣೆಯಾದದ್ದಕ್ಕಿಂತ ಬದಲಿ ಗಾರ್ಡ್ ಬಾರದೆ ಇದ್ದದ್ದು ಅವರಿಗೆ ಹೆಚ್ಚು ಬೇಸರ ತಂದಂತಿತ್ತು.

"ಅವತ್ತು ರಾತ್ರಿ ಏನಾದ್ರೂ ಸದ್ದು ಕೇಳಿಸ್ತಾ ಸಾರ್?"

"ಸದ್ದೆಲ್ಲಿ ಬಂತು ಇನ್‌ಸ್ಪೆಕ್ಟರೇ, ನನಗೆ ನಿದ್ದೆಯೇ ಇಲ್ಲ. ಎರಡು ಗಂಟೆಗೆ ಕರೆಂಟ್ ಹೋಯ್ತು ನೋಡಿ, ಬಂದಿದ್ದು ನಾಲ್ಕೂವರೆಗೆ. ಯುಪಿಎಸ್ ಬೇರೆ ಕೆಟ್ಟಿದೆ. ಆ ಸೆಖೆಯಲ್ಲಿ ಬಾಲ್ಕನಿಗೆ ಬಂದು ನಿಂತ್ರೆ ಬೀದಿಯೆಲ್ಲ ಗವ್ ಅಂತಿತ್ತು."

"ಬೀದಿ ದೀಪ?"

"ಕರೆಂಟೇ ಇಲ್ಲ ಅಂದ್ಮೇಲೆ ಬೀದಿ ದೀಪ ಎಲ್ಲಿಂದ ಬರ್ಬೇಕು?"

ರೇವಣಸಿದ್ದ ಬರೆದುಕೊಳ್ಳುತ್ತಿದ್ದವನು ನಿಂತ. ಸುಷ್ಮಿತಾಳ ಕೈಯಿಂದ ಫೋನ್ ಕಿತ್ತುಕೊಂಡು ಮೂರು ಗಂಟೆಯ ಸೆಲ್ಫಿ ತೆಗೆದ. ಮಫ್ಲರ್ ಸುತ್ತಿಕೊಂಡು ಸಣ್ಣಗೆ ನಗುತ್ತಿದ್ದ ಯೇಸುದಾಸ್. ಅವನ ಭುಜದ ಮೇಲೆ ಬಿಂದುಮಾಧವರ ಹೆಸರಿನ ಫಲಕ. ಅದರಾಚೆ, ಕಂಬದ ಮೇಲೆ, ಬೀದಿ ದೀಪ ಬೆಳ್ಳಗೆ ಉರಿಯುತ್ತಿತ್ತು.

"ಎದುರು ಮನೆಯವನು ಮೂರು ಗಂಟೆಗೆ ಹಾಕಿದ್ದು ತೆಗಿ."

ಸುಷ್ಮಿತಾ ಗುಂಪಿನ ಫೋಟೊಗಳಲ್ಲೇ ಹುಡುಕಿದಳು. ರಾಜೇಶನ ಸೆಲ್ಫಿ ಸಿಕ್ಕಿತು. ಫ್ಲ್ಯಾಶ್ ಬೆಳಕಿನಲ್ಲಿ ಅವನ ಮುಖ ಸುಣ್ಣ ಬಳಿದಂತಿತ್ತು, ಹಿಂದೆ ಕಗ್ಗತ್ತಲು. ಅದೇ ಬೀದಿ, ಅದೇ ಗಂಟೆ. ಒಬ್ಬನಿಗೆ ದೀಪವಿದೆ, ಇನ್ನೊಬ್ಬನಿಗೆ ಇಲ್ಲ.

ಸುಷ್ಮಿತಾ ವಿದ್ಯುತ್ ಕಚೇರಿಗೆ ಫೋನ್ ಮಾಡಿದಳು. ಹೌದು, ಆ ರಾತ್ರಿ ಎರಡರಿಂದ ನಾಲ್ಕೂವರೆಯವರೆಗೆ ಆ ಬೀದಿಗಳಲ್ಲಿ ಕರೆಂಟ್ ಇರಲಿಲ್ಲ.

ರೇವಣಸಿದ್ದ ಎರಡು ಫೋಟೊಗಳನ್ನೂ ಒಂದಾದ ಮೇಲೊಂದು ಮತ್ತೆ ನೋಡಿದ. ಯೇಸುದಾಸ್ ಮೂರು ಗಂಟೆಗೆ ಇಲ್ಲಿ ನಿಂತು ನಗಲಿಲ್ಲ. ಆ ನಗು ಕರೆಂಟ್ ಹೋಗುವುದಕ್ಕೆ ಮುಂಚಿನದು. ಹಾಗಾದರೆ ಐದು ಗಂಟೆಯದನ್ನು ಯಾಕೆ ನಂಬಬೇಕು? ಒಂದು ಗಂಟೆಯದನ್ನು ಯಾಕೆ ನಂಬಬೇಕು?

ಹಗಲು ಪಾಳಿಯವನು ತಡವಾಗಿ ಬಂದದ್ದರಿಂದ ರಾಜೇಶ್ ಆಗಷ್ಟೇ ಡ್ಯೂಟಿ ಮುಗಿಸಿ ಸಮವಸ್ತ್ರ ಬದಲಾಯಿಸುತ್ತಿದ್ದ. ಏಕಾಂತಯ್ಯ ಅವನ ಹೆಗಲ ಮೇಲೆ ಕೈ ಹಾಕಿ ಕರೆತಂದು ಜೀಪಿನಲ್ಲಿ ಕೂರಿಸಿದ.

"ಏನಪ್ಪಾ ರಾಜೇಶ, ಐದು ಗಂಟೆಗೆ ಯೇಸುದಾಸನ್ನ ಕಣ್ಣಾರೆ ನೋಡ್ದೆ ಅಂದ್ಯಲ್ಲ. ಯಾವ ಕಣ್ಣಲ್ಲಿ?"

"ನೋಡ್ದೆ ಸಾರ್."

"ಅವನ ಫೋನ್ ಎಲ್ಲಿ?" ಎಂದ ರೇವಣಸಿದ್ದ.

"ನನಗೇನು ಗೊತ್ತು ಸಾರ್?"

"ಲೇ! ಬೀದಿ ದೀಪ ಆರಿದ್ದಾಗ ಅವನ ಹಿಂದೆ ಮಾತ್ರ ಎಂಗೋ ಉರೀತು? ಅವನೇನು ಮೈಮೇಲೆ ಟ್ರಾನ್ಸ್‌ಫಾರ್ಮರ್ ಹೊತ್ಕಂಡಿದ್ನಾ? ಒಬ್ಬ ಮನುಷ್ಯ ಎಲ್ಲಿ ಸಾಯ್ತಾ ಬಿದ್ದವ್ನೋ ಗೊತ್ತಿಲ್ಲ. ಇನ್ನೊಂದು ಸುಳ್ಳು ಹೇಳಿದ್ರೆ ಇಲ್ಲೇ ಚರ್ಮ ಸುಲಿದ್ಬುಡ್ತೀನಿ!"

ರಾಜೇಶ್ ಅಳಲು ಶುರುಮಾಡಿದ. ಅಳುತ್ತಲೇ ಎಲ್ಲ ಹೇಳಿದ.

ಗಂಟೆಗೊಂದು ಸೆಲ್ಫಿ ಹಾಕುತ್ತ ರಾತ್ರಿಯಿಡೀ ಎದ್ದಿರಲು ಯಾರಿಂದ ಸಾಧ್ಯ? ಇಬ್ಬರೂ ಹಗಲು ಬೇರೆ ಕೆಲಸ ಮಾಡುವವರು. ಅದಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ರಾತ್ರಿ ಹನ್ನೊಂದಕ್ಕೇ ಇಡೀ ರಾತ್ರಿಯ ಸೆಲ್ಫಿಗಳನ್ನು ತೆಗೆದಿಟ್ಟುಕೊಳ್ಳುವುದು. ಒಂದಕ್ಕೆ ಟೋಪಿ, ಒಂದಕ್ಕೆ ಮಫ್ಲರ್, ಒಂದಕ್ಕೆ ಬರಿತಲೆ. ಆಮೇಲೆ ಹನ್ನೆರಡರಿಂದ ಮೂರರವರೆಗೆ ಒಬ್ಬ ಮಲಗುತ್ತಾನೆ. ಅವನ ಫೋನು ಎದ್ದಿರುವವನ ಕೈಯಲ್ಲಿ. ಗಂಟೆ ಬಾರಿಸಿದಂತೆ ಒಂದೊಂದು ಫೋಟೊ ಕಳಿಸುವುದು ಅವನ ಕೆಲಸ. ಎದ್ದಿರುವಷ್ಟು ಹೊತ್ತು ತನ್ನದನ್ನು ಅವನು ಆಗಾಗಲೇ ತೆಗೆದು ಹಾಕುತ್ತಾನೆ. ಮೂರಕ್ಕೆ ಅದಲುಬದಲು. ಎಂಟು ತಿಂಗಳಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ಶುಕ್ರವಾರ ಅವ್ನೇ ಮೊದ್ಲು ಮಲಗಿದ್ದು ಸಾರ್. ಮೂರಕ್ಕೆ ಏಳ್ಬೇಕಿತ್ತು, ಬರ್ಲಿಲ್ಲ. ಸುಸ್ತಾಗವ್ನೆ, ಮಲಗ್ಲಿ ಪಾಪ ಅಂತ ನಾನೇ ಕಳಿಸ್ತಾ ಹೋದೆ. ಐದಕ್ಕೆ ಎಬ್ಬಿಸೋಕೆ ಹೋದ್ರೆ ಕುರ್ಚಿ ಖಾಲಿ. ನನಗೆ ಹೇಳ್ದೆ ಮನೆಗೆ ಹೋಗ್‌ಬುಟ್ಟ ಅಂದ್ಕಂಡೆ. ಅಷ್ಟೊತ್ಗೆ ಅವ್ನ ಫೋನೂ ಚಾರ್ಜ್ ಮುಗ್ದು ಆಫಾಯ್ತು. ಆಮೇಲೆ ಪೊಲೀಸ್ರು ಬಂದ್ರಲ್ಲ, ಹೆದರ್ಕಂಡು ಫೋನ್ ಬಚ್ಚಿಟ್ಟೆ. ನಿಜ ಹೇಳಿದ್ರೆ ಕೆಲ್ಸ ಹೋಯ್ತದೆ ಸಾರ್."

"ಮಲಗ್ತಿದ್ದಿದ್ದು ಎಲ್ಲಿ?"

ರಾಜೇಶ್ ಕೈ ತೋರಿಸಿದ. ಬಿಂದುಮಾಧವರ ಬಂಗಲೆಯ ಪಕ್ಕ, ಕೆಲಸ ನಿಂತು ಹೋದ ಅರ್ಧಂಬರ್ಧ ಕಟ್ಟಡ. ಶನಿವಾರ ಏಕಾಂತಯ್ಯ ಜೀಪು ನಿಲ್ಲಿಸಿದ್ದು ಅದರದೇ ನೆರಳಿನಲ್ಲಿ.

ಮೂವರೂ ಓಡಿದರು. ಜಗಲಿಯಂತಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ. ಅದರಿಂದ ನಾಲ್ಕು ಹೆಜ್ಜೆಗೆ ನೀರಿನ ಸಂಪು, ಮೇಲೆ ತಗಡಿನ ಮುಚ್ಚಳ. ರೇವಣಸಿದ್ದ ಮುಚ್ಚಳ ಎತ್ತಿ ಆಚೆ ಎಸೆದ. ಒಳಗೆ ಕತ್ತಲು, ಕೊಳೆತ ನೀರಿನ ವಾಸನೆ. ಸುಷ್ಮಿತಾ ಟಾರ್ಚ್ ಬೆಳಕು ಬಿಟ್ಟಳು. ಎಂಟು ಹತ್ತು ಅಡಿ ಕೆಳಗೆ, ಮೊಣಕಾಲು ಮಟ್ಟದ ನೀರಿನಲ್ಲಿ, ಗೋಡೆಗೆ ಒರಗಿ ಒಬ್ಬ ಮನುಷ್ಯ ಕುಳಿತಿದ್ದ. ಒಂದು ಕಾಲು ಸೊಟ್ಟಗೆ ತಿರುಚಿತ್ತು. ತಲೆ ಎದೆಯ ಮೇಲೆ ವಾಲಿತ್ತು.

"ಯೇಸುದಾಸ್!"

ಮಿಸುಕಲಿಲ್ಲ.

ಗೋಡೆಗೆ ಒರಗಿಸಿದ್ದ ಬಿದಿರೇಣಿ ಇಳಿಬಿಟ್ಟು ಐವತ್ತೈದರ ಏಕಾಂತಯ್ಯ ಹೊಟ್ಟೆ ಎಳೆದುಕೊಂಡು ಇಳಿದ. ಅಷ್ಟರಲ್ಲಿ ಬೀದಿಯ ಜನ ನೆರೆದಿದ್ದರು. ಹತ್ತು ಹನ್ನೆರಡು ಕೈಗಳು ಮೇಲೆದ್ದವು, ಎಲ್ಲ ಕೈಯಲ್ಲೂ ಫೋನು. ರೇವಣಸಿದ್ದನ ಕೂಗಿಗೆ ಮರದ ಮೇಲಿನ ಕಾಗೆಗಳು ಹಾರಿದವು.

"ಫೋನ್ ಕೆಳಗೆ ಹಾಕ್ರೋ, ನಿಮ್ಮ ಮನೆ ಹಾಳಾಗ! ಬಂದು ಏಣಿ ಹಿಡೀರಿ! ನೀರು ತನ್ನಿ!"

ಕೆಳಗಿನಿಂದ ಏಕಾಂತಯ್ಯನ ದನಿ ಬಂತು. ಮೊದಲು ಏನೂ ಅರ್ಥವಾಗಲಿಲ್ಲ. ಎರಡನೆಯ ಸಲ ಸ್ಪಷ್ಟವಾಗಿತ್ತು.

"ಉಸಿರಾಡ್ತಾವ್ನೆ ಸಾರ್! ಬಿಸಿ ಐತೆ ಮೈ, ಉಸಿರಾಡ್ತಾವ್ನೆ!"

ಅಗ್ನಿಶಾಮಕದವರು ಹಗ್ಗ ಹಾಕಿ ಮೇಲೆತ್ತುವಾಗ ಒಂಬತ್ತು ಗಂಟೆ. ತೊಡೆ ಮೂಳೆ ಮುರಿದಿತ್ತು, ತಲೆಗೆ ಪೆಟ್ಟು. ಶುಕ್ರವಾರ ರಾತ್ರಿಯಿಂದ ಅಲ್ಲೇ ಇದ್ದ. ಕೂಗಿ ಕೂಗಿ ಗಂಟಲು ಕಟ್ಟಿ ಹೋಗಿತ್ತು. ಇನ್ನೊಂದು ರಾತ್ರಿ ಬಿಟ್ಟಿದ್ದರೆ ಹೆಣವೇ ಸಿಗುತ್ತಿತ್ತು ಎಂದರು ಆಸ್ಪತ್ರೆಯ ಡಾಕ್ಟರು. ಬದುಕುತ್ತಾನೋ ಇಲ್ಲವೋ, ಸಂಜೆಯೊಳಗೆ ಹೇಳುತ್ತೇವೆ ಎಂದು ಬಾಗಿಲು ಹಾಕಿಕೊಂಡರು. ರೀಟಾ ಜಪಮಾಲೆ ಹಿಡಿದು ಬಾಗಿಲ ಹೊರಗೆ ನೆಲದ ಮೇಲೇ ಕೂತಳು.

ಸ್ಥಳದ ಪಂಚನಾಮೆ ಬರೆಯುವಾಗ ರೇವಣಸಿದ್ದ ಆ ತಗಡಿನ ಮುಚ್ಚಳವನ್ನೇ ನೋಡುತ್ತ ನಿಂತ. ನಿದ್ದೆಗಣ್ಣಿನಲ್ಲಿ ಎದ್ದವನು ತೆರೆದ ಸಂಪಿಗೆ ಬೀಳಬಹುದು. ಆದರೆ ಬಿದ್ದ ಮೇಲೆ ಕಾಲು ಮುರಿದವನು ಒಳಗಿನಿಂದ ಮುಚ್ಚಳ ಎಳೆದುಕೊಳ್ಳಲಾರ. ಇದನ್ನು ಇನ್ನೊಬ್ಬ ಮುಚ್ಚಿದ್ದಾನೆ. ಕೊಲೆ ಯತ್ನವೆಂದು ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಂ ಸೇರಿಸಲಾಯಿತು.

ಯಾರು? ಠಾಣೆಗೆ ಬಂದು ಅವನು ಮತ್ತೆ ಆ ಗುಂಪಿನ ಫೋಟೊಗಳನ್ನು ತೆರೆದ. ಈ ಸಲ ಗಾರ್ಡ್‌ಗಳನ್ನು ಬಿಟ್ಟು ಸೂಪರ್‌ವೈಸರನ ಫೋಟೊಗಳನ್ನು ನೋಡಿದ. ಶಿವಕಿರಣನಿಗೂ ಏಜೆನ್ಸಿ ಮಾಲೀಕ ಇದೇ ಕುಣಿಕೆ ಹಾಕಿದ್ದ. ಅವನೂ ರೌಂಡ್ಸಿಗೆ ಹೋದಲ್ಲೆಲ್ಲ ಅಲ್ಲಿನ ಗಾರ್ಡ್ ಜೊತೆ ಒಂದು ಸೆಲ್ಫಿ ಹಾಕಬೇಕು. ಪ್ರತಿ ರಾತ್ರಿ ಜಯಲಕ್ಷ್ಮೀಪುರಂ, ಆಮೇಲೆ ಯಾದವಗಿರಿ, ಆಮೇಲೆ ರಾಜೀವನಗರ. ಶುಕ್ರವಾರ ಜಯಲಕ್ಷ್ಮೀಪುರಂದು ಹನ್ನೆರಡಕ್ಕೆ ಸ್ವಲ್ಪ ಮುಂಚೆ ಬಂದಿತ್ತು, ರಾಜೀವನಗರದ್ದು ಒಂದರ ಹೊತ್ತಿಗೆ. ಬೈಕ್ ಕೆಟ್ಟಿದ್ದರೆ ಇಡೀ ಊರು ದಾಟಿ ರಾಜೀವನಗರಕ್ಕೆ ಹೋದದ್ದು ಹೇಗೆ? ಎಲ್ಲದಕ್ಕೂ ಫೋಟೊ ಇರುವ ಕಡೆ ಯಾದವಗಿರಿಗೆ ಮಾತ್ರ ಫೋಟೊ ಇರಲಿಲ್ಲ.

ಶಿವಕಿರಣನನ್ನು ಮಧ್ಯಾಹ್ನ ಕರೆತಂದರು. ಈ ಸಲ ಸಲ್ಯೂಟು ಇರಲಿಲ್ಲ. ಬಿಂದುಮಾಧವರನ್ನೂ ಇನ್ನೊಬ್ಬರನ್ನೂ ಪಂಚರನ್ನಾಗಿ ಕೂರಿಸಿಕೊಂಡು ಅವನ ಫೋನ್ ಜಪ್ತಿ ಮಾಡಿದರು. ಗ್ಯಾಲರಿಯಲ್ಲಿ ಏನೂ ಇರಲಿಲ್ಲ. ಅಳಿಸಿದ ಫೋಟೊಗಳು ತಿಂಗಳ ಕಾಲ ಬಿದ್ದಿರುವ ಕಸದಬುಟ್ಟಿಯನ್ನು ಸುಷ್ಮಿತಾ ತೆರೆದಳು.

ಪ್ಲಾಸ್ಟಿಕ್ ಕುರ್ಚಿ. ಬಾಯಿ ತೆರೆದು ಮಲಗಿದ ಯೇಸುದಾಸ್. ನಾಲ್ಕು ಹೆಜ್ಜೆಯಾಚೆ ಸಂಪಿನ ತಗಡು, ಅರ್ಧ ಸರಿದಿತ್ತು. ಶುಕ್ರವಾರ ರಾತ್ರಿ, ಹನ್ನೆರಡು ದಾಟಿ ಹದಿನಾಲ್ಕು ನಿಮಿಷ.

"ಶಿವಶಿವಾ," ಎಂದರು ಬಿಂದುಮಾಧವ.

ಶಿವಕಿರಣ್ ಬಾಯಿಬಿಟ್ಟ.

"ಬೈಕ್ ಬೀದಿ ತುದೀಲೇ ನಿಲ್ಸಿ ಹಿಂದಿನಿಂದ ಬಂದೆ ಸಾರ್, ರಾಜೇಶನಿಗೂ ಗೊತ್ತಾಗ್ಲಿಲ್ಲ. ಫ್ಲ್ಯಾಶಿಗೆ ಎಚ್ಚರ ಆಗ್‌ಬುಡ್ತು ಅವ್ನಿಗೆ. 'ಇನ್ನೊಂದು ಸಲ ನನ್ನ ಮಗಳ ಕೈಗೆ ಹೋಗಕ್ಕೆ ಬಿಡಲ್ಲ, ಅಳಿಸು' ಅಂತ ಫೋನಿಗೆ ಕೈ ಹಾಕ್ದ. ಹುಚ್ಚು ಹಿಡಿದಂಗೆ ಹಿಡ್ಕಂಡಿದ್ದ ಸಾರ್. ಫೋನ್ ಹೋದ್ರೆ ನನ್ನ ಗತಿ ಏನು? ತಳ್ಳಿದೆ. ಹಿಂದೆ ಸಂಪ್ ಇರೋದು ನೋಡ್ಲಿಲ್ಲ."

"ಬಿದ್ದ ಮೇಲೆ?"

"ಕರೆದೆ. ಮಾತಾಡ್ಲಿಲ್ಲ."

"ಇಳಿದು ನೋಡಿದ್ಯಾ?"

"ಇಲ್ಲ ಸಾರ್. ಒಂದು ಗಂಟೆಗೆ ರಾಜೀವನಗರದಲ್ಲಿ ಫೋಟೊ ಹಾಕ್ಬೇಕಿತ್ತು."

ಏಕಾಂತಯ್ಯನ ಪೆನ್ನು ನಿಂತಿತು. ರೇವಣಸಿದ್ದ ಮೇಜಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

"ಮುಚ್ಚಳ ಯಾಕೆ ಮುಚ್ಚಿದೆ?"

"ಭಯ ಸಾರ್. ವಾರಕ್ಕೆ ಮೂರು ಮಲಗಿರೋ ಗಾರ್ಡ್ ಹಿಡೀದೆ ಇದ್ರೆ ನನ್ನ ಸಂಬಳ ಕಟ್. ಅದಕ್ಕೋಸ್ಕರ ಒಬ್ಬ ಸತ್ತ ಅಂದ್ರೆ..." ಅವನು ಕಣ್ಣೊರೆಸಿಕೊಂಡ. "ಆದ್ರೆ ಒಂದು ಗಂಟೆಗೆ ಅವನ ಸೆಲ್ಫಿ ಬಂತು ಸಾರ್! ರಾಜೀವನಗರದಲ್ಲಿ ನಿಂತಿದ್ದೆ. ಅಬ್ಬಾ, ಎದ್ದು ಬಂದವ್ನೆ ಅನ್ನಿಸ್ತು. ಎರಡಕ್ಕೂ ಬಂತು. ಮೂರಕ್ಕೆ ನಗ್ತಿದ್ದ ಸಾರ್. ಕೋಪ ಹೋಗೈತೆ ಅಂದ್ಕಂಡೆ. ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿ ಮಲಗಿದೆ."

ರೇವಣಸಿದ್ದ ಮುಂದಕ್ಕೆ ಬಾಗಿದ.

"ಶನಿವಾರ ಅವನ ಹೆಂಡ್ತಿ ಬಂದ್ಲಲ್ಲ, ಗಂಡ ಬಂದಿಲ್ಲ ಅಂತ. ನೀನೇ ಬಂದು ನನ್ನ ಮುಂದೆ ನಿಂತಿದ್ಯಲ್ಲ. ಆಗಲಾದ್ರೂ ಮುಚ್ಚಳ ತೆಗೆದು ನೋಡ್ಬೇಕು ಅನ್ನಿಸ್ಲಿಲ್ವಾ?"

"ಫೋಟೊ ಇತ್ತಲ್ಲ ಸಾರ್. ಐದು ಗಂಟೆವರೆಗೂ."

"ಗಾರ್ಡ್‌ಗಳು ಮೊದಲೇ ತೆಗೆದಿಟ್ಕಂಡು ಕಳಿಸ್ತಾರೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

ಶಿವಕಿರಣ್ ತಲೆಯಾಡಿಸಿದ.

"ಗೊತ್ತಿತ್ತು ಸಾರ್. ನಾನೂ ನಾಕು ವರ್ಷ ಗಾರ್ಡ್ ಆಗಿದ್ದೋನೆ. ಆದ್ರೂ ಅದು ನಿಜ ಅಂತ ನಂಬ್ಕಂಡ್ರೆ ಉಸಿರಾಡಬೋದಿತ್ತು."

ರೇವಣಸಿದ್ದನ ಕೈ ಎದ್ದಿತು. ಕಪಾಳಕ್ಕೆ ಬಾರಿಸಿಯೇ ಬಿಡುತ್ತಿದ್ದ. ಕೈ ಗಾಳಿಯಲ್ಲೇ ನಿಂತಿತು. ಶನಿವಾರ ಇಡೀ ಹಗಲು ತಾನು ಕೆರೆಯ ಏರಿಯ ಮೇಲೆ ನಿಂತಿದ್ದು ಯಾವುದನ್ನು ನಂಬಿಕೊಂಡು? ಆ ದಿನವೆಲ್ಲ ಒಬ್ಬ ಮನುಷ್ಯ, ಏಕಾಂತಯ್ಯ ಜೀಪು ನಿಲ್ಲಿಸಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನೀರಿನಲ್ಲಿ ಕೂತು ಕೂಗುತ್ತಿದ್ದ. ಅವನು ಕೈ ಇಳಿಸಿ ಪೆನ್ನು ತೆಗೆದುಕೊಂಡ.

ಸಂಜೆ ಐದೂವರೆಗೆ ಬಂಧನದ ಕಾಗದಗಳಿಗೆ ಸಹಿ ಬಿತ್ತು. ಶಿವಕಿರಣ್ ತನ್ನ ಹೆಂಡತಿಗೆ ಫೋನ್ ಮಾಡಿ ಹೇಳಿ ಎಂದು ಕೇಳಿದ. ಏಕಾಂತಯ್ಯ ಮಾಡಿದ. ಆಸ್ಪತ್ರೆಯಿಂದ ಸುಷ್ಮಿತಾಳ ಕರೆ ಬಂದಾಗ ಹೊರಗೆ ಕತ್ತಲಾಗುತ್ತಿತ್ತು.

"ಎಚ್ಚರ ಆಗಿದೆ ಸಾರ್. ಉಳೀತಾನಂತೆ. ಹೇಳಿಕೆ ತಗೊಳ್ಳೋಕೆ ನಾಳೆ ಬನ್ನಿ ಅಂತಾರೆ ಡಾಕ್ಟರು."

"ಏನಾದ್ರೂ ಮಾತಾಡಿದ್ನಾ?"

"ಒಂದೇ ಮಾತು ಸಾರ್. ಆ ಫೋಟೊ ಗುಂಪಿಗೆ ಹಾಕಿದ್ನಾ ಅಂತ ಹೆಂಡ್ತೀನ ಕೇಳ್ದ."

"ಅವಳೇನಂದ್ಲು?"

"ಇಲ್ಲ ಅಂದ್ಲು. ಕಣ್ಣು ಮುಚ್ಕೊಂಡು ಮಲಗಿದ ಸಾರ್. ಈಗ ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ."